ಗಂಟೆಯ ಹಗ್ಗ ಯಾರ ಕೈಗೆ?

ಶನಿವಾರ ಸಂಜೆ ನಾಲ್ಕೂವರೆ ಆಗುವಾಗ ಒಂದು ಮನೆಯ ಜಗಲಿಯಲ್ಲಿ ಎರಡು ಕುರ್ಚಿ ಹಾಕಿರುತ್ತಿತ್ತು. ಬೆತ್ತದ್ದರಲ್ಲಿ 88 ವರ್ಷದ ಅಜ್ಜಿ ಕೂತಿರುತ್ತಿದ್ದರು. ಪ್ಲಾಸ್ಟಿಕ್ಕಿನದು ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಹುಡುಗಿಗೆ. ಅಜ್ಜಿಗೆ ಗ್ಲಾಕೋಮಾ. ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಇದರಲ್ಲಿ ಹೋದ ದೃಷ್ಟಿ ಹೋದದ್ದೇ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವಷ್ಟು ಕಣ್ಣು ಉಳಿದಿತ್ತು, ಅಕ್ಷರ ಕಾಣುವಷ್ಟು ಇರಲಿಲ್ಲ. ಹುಡುಗಿ ಬಂದು ಅವರಿಗೆ ಸತ್ಯವೇದ ಓದಿ ಹೇಳುತ್ತಿದ್ದಳು. ಕನ್ನಡ ಕ್ರೈಸ್ತರ ಮನೆಗಳಲ್ಲಿ ಬೈಬಲ್ಲಿಗೆ ಇರುವ ಹೆಸರು ಅದೇ.

ಆ ಹುಡುಗಿ ಓದುವುದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು. ಕನ್ನಡ ಅವಳಿಗೆ ಆಗ ಶಾಲೆಯ ಒಂದು ಪೀರಿಯಡ್ಡು, ಭಾನುವಾರದ ಒಂದೂವರೆ ಗಂಟೆಯ ಆರಾಧನೆ, ಅಷ್ಟೆ. ಮೊದಲ ಶನಿವಾರ ನಾನು ಜೊತೆಗೆ ಹೋಗಿದ್ದೆ. ಅಜ್ಜಿ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ತೆಗೆಯಲು ಹೇಳಿದರು. ಯಾಕೋಬ, ಯೋಹಾನ ಎಂಬ ಇಬ್ಬರು ಶಿಷ್ಯರು ಯೇಸುವಿನ ಬಳಿ ಬಂದು, ನಿನ್ನ ಮಹಿಮೆಯಲ್ಲಿ ಎಡಬಲದ ಆಸನ ನಮಗೇ ಕೊಡು ಎಂದು ಕೇಳುವ ಭಾಗ ಅದು. ಮೊದಲಿಗನಾಗಲು ಬಯಸುವವನು ಎಲ್ಲರಿಗೂ ಸೇವಕನಾಗಬೇಕು ಎಂದು ಯೇಸು ಅವರಿಗೆ ಹೇಳುತ್ತಾನೆ. ಹುಡುಗಿ ಬೆರಳಿಟ್ಟು, ಒಂದೊಂದೇ ಪದ ಕೂಡಿಸಿ ಓದುತ್ತಾ ಬಂದಳು. 'ಆಳು' ಎಂಬ ಪದ ಬಂತು. ಅವಳು 'ಆಲು' ಎಂದಳು.

ಅಜ್ಜಿ ಕೈ ಎತ್ತಿದರು. "ಆಲೂ ಅಂದ್ರೆ ಬಟಾಟೆ ಮಗಾ. ನಾಲಿಗೆ ಮೇಲೆ ಮಡಚು. ಆಳು."

ಮೂರು ಸಲ ಹೇಳಿಸಿದರು. ನಾಲ್ಕನೆಯ ಸಲಕ್ಕೆ ಸರಿಯಾಯಿತು. ಆಮೇಲೆ ಅಜ್ಜಿ ಕೇಳಿದರು: "ಆಳು ಅಂದ್ರೆ ಎಂತ ಗೊತ್ತುಂಟಾ?"

"ಕೆಲಸದವನು."

"ಹೌದು. ರಾಜ ಏನು ಮಾಡ್ತಾನೆ?"

ಹುಡುಗಿ ಸ್ವಲ್ಪ ಯೋಚಿಸಿ, "ಆಳ್ತಾನೆ" ಎಂದಳು. ಹೇಳಿದ ಮೇಲೆ ಅವಳ ಕಣ್ಣು ದೊಡ್ಡದಾಯಿತು. ಕನ್ನಡದಲ್ಲಿ ಎರಡೂ ಕೇಳಲಿಕ್ಕೆ ಒಂದೇ ಪದ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಮಾರ್ಕನ ಆ ವಾಕ್ಯ ಬಾಯಿಪಾಠ. ಆದರೂ ಅವತ್ತು ಆ ಜಗಲಿಯಲ್ಲಿ ಕೂತು ಮೊದಲ ಬಾರಿ ಕೇಳಿದ ಹಾಗಾಯಿತು.

ನಾನು ಕರಾವಳಿಯ ಒಂದು ಸಣ್ಣ ಊರಿನವಳು. ಹೈಸ್ಕೂಲಿನ ಕನ್ನಡ ಟೀಚರಾಗಿದ್ದು ಈಗ ನಿವೃತ್ತಳಾಗಿದ್ದೇನೆ. ನಮ್ಮ ಸಿಎಸ್‌ಐ ಸಭೆಯ ಸಂಡೇ ಸ್ಕೂಲಿನಲ್ಲಿ ಬಹಳ ವರ್ಷದಿಂದ ಮಕ್ಕಳೊಂದಿಗೆ ಇದ್ದೇನೆ. 'ಸಭೆ' ಎಂದರೆ ನಮ್ಮಲ್ಲಿ ಮೀಟಿಂಗಲ್ಲ, ಒಂದು ಚರ್ಚಿಗೆ ಸೇರಿದ ಕುಟುಂಬಗಳೆಲ್ಲ ಸೇರಿ ಒಂದು ಸಭೆ. ಈ ಭಾಗದ ಪ್ರೊಟೆಸ್ಟೆಂಟರ ಬೇರು ಬಾಸೆಲ್ ಮಿಷನ್ನಿನಲ್ಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಮಿಷನರಿಗಳು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಅವರ ಶಾಲೆ, ಅಚ್ಚುಕೂಟ, ಮಗ್ಗ, ಹಂಚಿನ ಕಾರ್ಖಾನೆಗಳ ಕಥೆ ಕನ್ನಡಿಗರಿಗೆ ಹೊಸದಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ, ಆಯಿತು. ಬಾಸೆಲ್ ಮಿಷನ್ನಿನ ಸಭೆಗಳು ಮುಂದೆ ಅದರೊಳಗೆ ಬಂದವು.

ನಮ್ಮಲ್ಲಿ ಮಗುವಿಗೆ ಎಳೆತನದಲ್ಲೇ ದೀಕ್ಷಾಸ್ನಾನ ಆಗುತ್ತದೆ. ಆಗ ಮಗುವಿನ ಪರವಾಗಿ ಮಾತು ಕೊಡುವವರು ತಂದೆತಾಯಿ. 14-15 ವರ್ಷವಾದಾಗ ಅದೇ ಮಾತನ್ನು ಮಗು ತನ್ನ ಬಾಯಿಂದ ಹೇಳಬೇಕು. ಅದಕ್ಕೆ ದೃಢೀಕರಣ ಎನ್ನುತ್ತಾರೆ. ತಿಂಗಳುಗಟ್ಟಲೆ ಪಾಠ ಇರುತ್ತದೆ, ವಿಶ್ವಾಸದ ಪ್ರಮಾಣ, ಹತ್ತು ಆಜ್ಞೆಗಳು ಬಾಯಿಪಾಠ ಆಗಬೇಕು. ಆ ದಿನ ಹುಡುಗಿಯರು ಬಿಳಿ ಉಡುಪು, ಹುಡುಗರು ಹೊಸ ಪ್ಯಾಂಟು ಶರ್ಟು. ಮೊಣಕಾಲೂರಿದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ. ಅಂದಿನಿಂದ ಅವರು ಕರ್ತನ ಮೇಜಿನಲ್ಲಿ ರೊಟ್ಟಿ, ದ್ರಾಕ್ಷಾರಸಕ್ಕೆ ಕೈ ನೀಡಬಹುದು.

ಮುಂದಿನ ಭಾನುವಾರದಿಂದ ಅವರು ಚರ್ಚಿನಲ್ಲಿ ಕಾಣುವುದಿಲ್ಲ.

ಇದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ. ಸಂಡೇ ಸ್ಕೂಲು ಮುಗಿಯಿತು, ದೊಡ್ಡವರ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಹತ್ತನೇ ತರಗತಿಯ ಟ್ಯೂಷನ್ನು ಭಾನುವಾರ ಬೆಳಗ್ಗೆ ಎಂಟಕ್ಕೇ ಶುರು. ಹೀಗೆ ಜಾರಿದವರಲ್ಲಿ ಕೆಲವರು ಮತ್ತೆ ಬಾಗಿಲು ಹೊಗುವುದು ಮದುವೆಯ ಚೀಟಿ ಕೇಳಲು. ನಾವು ದೊಡ್ಡವರು ವೇದಿಕೆಯಲ್ಲಿ ನಿಂತು, ಮಕ್ಕಳೇ ನಾಳಿನ ಸಭೆ ಎನ್ನುತ್ತೇವೆ. ಮಕ್ಕಳಿಗೆ ಅದು ಹೇಗೆ ಕೇಳಿಸುತ್ತದೆ ಎಂದು ಒಬ್ಬ ಹುಡುಗನೇ ನನಗೆ ಹೇಳಿದ್ದ: "ಅಂದ್ರೆ ಇವತ್ತು ನಮಗೆ ಇಲ್ಲಿ ಕೆಲಸ ಇಲ್ಲ ಅಂತ ಅಲ್ವಾ ಟೀಚರ್?"

ನನ್ನ ಕಥೆಯನ್ನೂ ಹೇಳಬೇಕು. ನನಗೆ 13 ವರ್ಷ. ಕ್ರಿಸ್ಮಸ್ಸಿನ ಗೀತಾರಾಧನೆಯಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದಲು ಹೆಸರು ಕೊಟ್ಟಿದ್ದರು. ಕುರುಬರಿಗೆ ದೇವದೂತ ಕಾಣಿಸಿಕೊಳ್ಳುವ ಭಾಗ. ಹದಿನೈದು ದಿನ ಹಿತ್ತಲಿನಲ್ಲಿ ತೆಂಗಿನ ಮರಗಳಿಗೆ ಓದಿ ಹೇಳಿದ್ದೆ. ಆ ಸಂಜೆ ಮೆಟ್ಟಿಲು ಹತ್ತಿ ನಿಂತಾಗ ಯಾರೋ ಪುಟ ಮಗುಚಿದ್ದರು, ಪುಸ್ತಕದಲ್ಲಿ ನಾನಿಟ್ಟ ಗುರುತು ಇರಲಿಲ್ಲ. ಹುಡುಕಿದೆ. ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಕಂಡವು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಿರಿಯರೊಬ್ಬರು ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾವೇ ಓದಿದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ, ಇಂಥ ಕೆಲಸವನ್ನು ಮಕ್ಕಳಿಗೆ ಕೊಡಬಾರದು ಎಂದು ನನ್ನ ಅಪ್ಪನಿಗೆ ಎಲ್ಲರ ಎದುರೇ ಹೇಳಿದರು. ಮನೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮುಂದೆ ನಾಲ್ಕು ವರ್ಷ ನಾನು ಆ ಮೆಟ್ಟಿಲು ಹತ್ತಲಿಲ್ಲ. ಚರ್ಚಿಗೆ ಹೋದರೂ ಹಿಂದಿನ ಬೆಂಚು. ದೇವರ ಮೇಲೆ ಸಿಟ್ಟಿರಲಿಲ್ಲ. ದೇವರಿಗೆ ನಾನು ಬೇಡ ಎಂದು ನಂಬಿದ್ದೆ.

17ನೇ ವರ್ಷದಲ್ಲಿ ಒಬ್ಬರು ನನ್ನನ್ನು ಆ ಬೆಂಚಿನಿಂದ ಎಬ್ಬಿಸಿದರು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಹತ್ತು ದಿನದ ಶಿಬಿರ ನಡೆಸುತ್ತೇವೆ, ವಿಬಿಎಸ್ ಎನ್ನುತ್ತಾರೆ. ಹಾಡು, ಕಥೆ, ಚಿತ್ರ, ಮಧ್ಯಾಹ್ನ ಬೆಲ್ಲದ ಶರಬತ್ತು. "ಆರು ವರ್ಷದ ಹದಿನೆಂಟು ಮಕ್ಕಳಿದ್ದಾರೆ. ನನ್ನ ಡ್ಯೂಟಿ ಬೆಳಗ್ಗಿಗೆ ಬಿದ್ದಿದೆ. ಕಥೆ ಹೇಳಲಿಕ್ಕೆ ನೀನು ಬಾ" ಎಂದರು. ನನ್ನಿಂದ ಆಗದು ಎಂದೆ. "ಆ ಮಕ್ಕಳಿಗೂ ಓದಲಿಕ್ಕೆ ಬರುದಿಲ್ಲ, ನಿನ್ನ ತಪ್ಪು ಯಾರು ಹಿಡೀತಾರೆ?" ಎಂದು ಕೈಹಿಡಿದು ಎಳೆದುಕೊಂಡು ಹೋದರು. ಮೊದಲ ದಿನ ನಾನು ಹೇಳಿದ್ದು ಐದು ರೊಟ್ಟಿ ಎರಡು ಮೀನಿನ ಕಥೆ. ಬುತ್ತಿ ತಂದ ಹುಡುಗನ ಹೆಸರು ಏನು ಎಂದು ಒಂದು ಮಗು ಕೇಳಿತು. ಸುವಾರ್ತೆಯಲ್ಲಿ ಹೆಸರಿಲ್ಲ ಎಂದೆ. ಹಾಗಾದರೆ ಅವನ ಹೆಸರು ನನ್ನದೇ ಎಂದಿತು ಆ ಮಗು. ಅಂದು ಶುರುವಾದ ಕೆಲಸವನ್ನು ನಾನು ಇನ್ನೂ ಬಿಟ್ಟಿಲ್ಲ. ಆ ಅಕ್ಕನೇ ಈಗ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು 'ಳ' ತಿದ್ದುವ ಅಜ್ಜಿ.

ಅವರು ಮಾರ್ಕನ ಸುವಾರ್ತೆಯನ್ನೇ ಮೊದಲು ಓದಿಸುವುದಕ್ಕೆ ಕಾರಣವಿದೆ. ಮಾರ್ಕನೂ ಹಿಂದಿನ ಬೆಂಚಿಗೆ ಹೋಗಿ ಕೂತವನೇ. ಪೌಲ, ಬಾರ್ನಬ ತಮ್ಮ ಮೊದಲ ಸುವಾರ್ತಾ ಪ್ರಯಾಣಕ್ಕೆ ಹೊರಟಾಗ ಮಾರ್ಕನೆಂಬ ಯೋಹಾನನನ್ನು ಸಹಾಯಕನಾಗಿ ಕರೆದುಕೊಂಡು ಹೋದರು. ಕುಪ್ರದ್ವೀಪ ದಾಟಿ, ಪಂಫುಲ್ಯ ಎಂಬ ನಾಡಿನ ಪೆರ್ಗೆ ಊರಿಗೆ ಬಂದಾಗ ಅವನು ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದ. ಯಾಕೆ ಎಂದು ಈ ಕಥೆ ಬರುವ 'ಅಪೊಸ್ತಲರ ಕೃತ್ಯಗಳು' ಪುಸ್ತಕ ಹೇಳುವುದಿಲ್ಲ. ಭಯವೋ, ಕಾಯಿಲೆಯೋ, ಅಮ್ಮನ ನೆನಪೋ. ಮುಂದಿನ ಪ್ರಯಾಣಕ್ಕೆ ಬಾರ್ನಬ ಅವನನ್ನೇ ಕರೆಯೋಣ ಎಂದ. ನಡುವೆ ಬಿಟ್ಟು ಹೋದವನು ಬೇಡವೇ ಬೇಡ ಎಂದ ಪೌಲ. ಮಾತು ಎಷ್ಟು ಬೆಳೆಯಿತೆಂದರೆ ಆ ಇಬ್ಬರು ಮಹಾನುಭಾವರು ಬೇರೆ ಬೇರೆ ದಾರಿ ಹಿಡಿದರು. ಪೌಲ ಸೀಲನೊಂದಿಗೆ ಹೊರಟ, ಬಾರ್ನಬ ಮಾರ್ಕನನ್ನು ಕರೆದುಕೊಂಡು ಮತ್ತೆ ಕುಪ್ರಕ್ಕೆ ಹಡಗು ಹತ್ತಿದ. ವರ್ಷಗಳು ಕಳೆದು, ಸೆರೆಯಲ್ಲಿ ಕೂತು ತಿಮೊಥೆಯನಿಗೆ ಬರೆದ ಪತ್ರದಲ್ಲಿ ಪೌಲ, ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂಬ ಅರ್ಥದ ಮಾತು ಬರೆಯುತ್ತಾನೆ. ಎರಡನೆಯ ಸುವಾರ್ತೆ ಆ ಮಾರ್ಕನದೇ ಎಂದು ಸಭೆಯ ಹಳೆಯ ಪರಂಪರೆ. ಬಾರ್ನಬ ಅಂದು ಜಗಳವೇಕೆಂದು ಸುಮ್ಮನಾಗಿದ್ದರೆ ಮಾರ್ಕ ಯೆರೂಸಲೇಮಿನಲ್ಲೇ ಉಳಿದಿರುತ್ತಿದ್ದನೇನೋ.

ಹದಿಹರೆಯದವರು ದೇವರ ಸೇವೆಗೆ ಬರಬೇಕು ಎಂದು ಪ್ರಸಂಗ ಮಾಡುವವರು ಬಹಳ. ಪೌಲನಂತೆ ಹೊರಡುವವರೂ ಇದ್ದಾರೆ. ಬಾರ್ನಬನ ಕೆಲಸಕ್ಕೆ ಜನ ಸಿಗುವುದು ಕಷ್ಟ. ನಾನು ಹೇಳಬೇಕೆಂದಿರುವುದು ಇಷ್ಟೇ: ಮಕ್ಕಳ ಕೈಗೆ ನಿಜವಾದ ಕೆಲಸ ಕೊಡಿ, ಅವರು ಬಿಟ್ಟು ಓಡಿದರೆ ಹೋಗಿ ಕರೆತಂದು ಮತ್ತೊಮ್ಮೆ ಕೊಡಿ.

ಇದು ಸುಲಭವಲ್ಲ ಎಂದು ನನಗೆ ಗೊತ್ತು. ನಮ್ಮ ಸಭೆಯಲ್ಲಿ ಕೀಬೋರ್ಡ್ ಚೆನ್ನಾಗಿ ನುಡಿಸುವ ಹುಡುಗನೊಬ್ಬನಿದ್ದ, ಮೊದಲ ಪಿಯುಸಿ. ಕ್ರಿಸ್ಮಸ್ಸಿನ ಗೀತಾರಾಧನೆಗೆ ಒಂದು ತಿಂಗಳು ತಾಲೀಮು ಆಗಿತ್ತು. ಆ ಸಂಜೆ ಆರಕ್ಕೆ ಶುರುವಾಗಬೇಕು, ಐದೂಮುಕ್ಕಾಲಿಗೂ ಹುಡುಗ ಇಲ್ಲ. ಫೋನ್ ಸ್ವಿಚ್ ಆಫ್. ವಾದ್ಯವಿಲ್ಲದೆ ಹಾಡಿದರು, ಎರಡನೆಯ ಹಾಡಿನಲ್ಲಿ ಶ್ರುತಿ ಹೋಯಿತು, ಸಣ್ಣ ಮಕ್ಕಳು ಅತ್ತರು. ಹುಡುಗ ಮಲ್ಪೆ ಬೀಚಿನಲ್ಲಿದ್ದ ಎಂದು ಮಾರನೆಯ ದಿನ ತಿಳಿಯಿತು. ಇನ್ನು ಮುಂದೆ ಅವನಿಗೆ ಯಾವ ಜವಾಬ್ದಾರಿಯೂ ಬೇಡ ಎಂದು ಹಿರಿಯರು ತೀರ್ಮಾನಿಸಿದರು. ನನಗೂ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಜನವರಿಯಲ್ಲಿ ಅವನ ಮನೆಗೆ ಹೋದೆ. ಕೋಣೆಯಿಂದ ಹೊರಗೆ ಬರಲಿಲ್ಲ. ಎರಡನೆಯ ಸಲ ಹೋದಾಗ ಬಾಗಿಲ ಹತ್ತಿರ ನಿಂತ. ಮೂರನೆಯ ಸಲ ಅವನ ಅಮ್ಮ ಚಹಾ ಮಾಡಲು ಒಳಗೆ ಹೋದಾಗ ನೆಲ ನೋಡುತ್ತಾ ಹೇಳಿದ: "ಒಬ್ಬನೇ ಬಾರಿಸುವ ಪೀಸ್ ಇತ್ತಲ್ಲ ಟೀಚರ್. ತಾಲೀಮಿನಲ್ಲಿ ಮೂರು ಸಲ ತಪ್ಪಿತ್ತು. ಹೆದರಿಕೆ ಆಯ್ತು." ಅವನು ನಿಂತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿರುವುದೇ. ಕೈಯಲ್ಲಿ ಪುಟ ಸಿಗದ ಪುಸ್ತಕ ಹಿಡಿದು ನಾನೂ ಹಾಗೇ ನಿಂತಿದ್ದೆ.

"ಕೀಬೋರ್ಡ್ ಸದ್ಯ ಬೇಡ, ಗಂಟೆ ಬಾರಿಸ್ತೀಯಾ? ಅಲ್ಲಿ ನಿನ್ನನ್ನು ಯಾರೂ ನೋಡುವುದಿಲ್ಲ" ಎಂದೆ.

ನಮ್ಮ ಚರ್ಚಿನಲ್ಲಿ ಹಳೆಯ ಕಂಚಿನ ಗಂಟೆ ಇದೆ. ಬಾಗಿಲು ತೆರೆದು, ಬೆಂಚು ಒರೆಸಿ, ಗಂಟೆ ಬಾರಿಸುತ್ತಿದ್ದ ಹಿರಿಯರಿಗೆ ಭುಜದ ನೋವು ಶುರುವಾಗಿತ್ತು. ಅವರೇ ಗುರುವಾದರು. ಹೊರಗಿನವರಿಗೆ ಗಂಟೆ ಬಾರಿಸುವುದು ಹಗ್ಗ ಎಳೆಯುವ ಕೆಲಸ ಅನ್ನಿಸುತ್ತದೆ. ಎಳೆದವನ ಕೈ ಉರಿಯುತ್ತದೆ, ಗಂಟೆ ಕೂಗುವುದಿಲ್ಲ. ಮೊದಲು ಮೆಲ್ಲಗೆ ತೂಗಬೇಕು. ಲೋಹ ತನ್ನ ಭಾರಕ್ಕೆ ತಾನು ವಾಲಲು ಶುರುವಾದ ಮೇಲೆ, ಅದು ಹಿಂದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಒಂದು ಎಳೆತ, ತಕ್ಷಣ ಹಗ್ಗವನ್ನು ಅಂಗೈಯಲ್ಲಿ ಸಡಿಲವಾಗಿ ಮೇಲಕ್ಕೆ ಜಾರಲು ಬಿಡಬೇಕು. ಬಿಗಿ ಹಿಡಿದರೆ ನಾದ ಅರ್ಧಕ್ಕೆ ಸಾಯುತ್ತದೆ. ಪೂರ್ತಿ ಬಿಟ್ಟರೆ ತಾಳ ತಪ್ಪುತ್ತದೆ. "ಗಂಟೆ ಹೇಳುದನ್ನು ಕೈಯಲ್ಲಿ ಕೇಳು" ಎನ್ನುತ್ತಿದ್ದರು ಆ ಹಿರಿಯರು. ಹುಡುಗ ಸಂಗೀತದವನಲ್ಲವೇ, ಅವನಿಗೆ ಆ ಮಾತು ಹಿಡಿಸಿತು. ಮೊದಲ ಭಾನುವಾರ ನಾಲ್ಕು ನಿಮಿಷ ತಡ. ಮೂರನೆಯ ಭಾನುವಾರ ಬರಲೇ ಇಲ್ಲ, ನಾನು ಮತ್ತೆ ಮನೆಗೆ ಹೋದೆ. ಆಮೇಲೆ ತಪ್ಪಲಿಲ್ಲ.

ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಬಾರಿಸುವ ಗಂಟೆ ಬೇರೆ, ಒಂದೊಂದು ಪೆಟ್ಟಿನ ನಡುವೆ ದೊಡ್ಡ ಬಿಡುವು. ಆ ವರ್ಷದ ಆಷಾಢದಲ್ಲಿ ಒಂದು ಬೆಳಗಿನ ಜಾವ, ಸುರಿಯುವ ಮಳೆಯ ನಡುವೆ ಆ ಗಂಟೆ ಕೇಳಿ ಎದ್ದೆ. ಚರ್ಚಿಗೆ ಹೋಗಿ ನೋಡಿದರೆ ರೈನ್‌ಕೋಟ್ ತೆಗೆಯದೆ ಹಾಗೇ ನಿಂತು ಅವನು ಬಾರಿಸುತ್ತಿದ್ದ. ನಾವು ಯಾರೂ ಹೇಳಿ ಕಳಿಸಿರಲಿಲ್ಲ. ತೀರಿಕೊಂಡವರ ಮಗ ಫೋನ್ ಮಾಡಿದ್ದು ನೇರ ಅವನಿಗೇ. ಆ ಮನೆಯವರಿಗೆ ಅವನು ಗಂಟೆಯ ಹುಡುಗ, ಅವನಿಗೇ ತಿಳಿಸಬೇಕಾದದ್ದು ನ್ಯಾಯ. ಜವಾಬ್ದಾರಿ ಎಂಬ ಪದದ ಬಗ್ಗೆ ನಾನು ಸಂಡೇ ಸ್ಕೂಲಿನಲ್ಲಿ ಎಷ್ಟು ಮಾತಾಡಿದ್ದೇನೋ, ಅದು ಅವನ ತಲೆಗೆ ಹೋಗಿರಲಿಕ್ಕಿಲ್ಲ. ಆ ಫೋನ್ ಕರೆ ಮಾತ್ರ ತಲೆಗೆ ಹೋಯಿತು.

ಈಗಿನ ಮಕ್ಕಳಿಗೆ ದೇವರ ಸೇವೆ ಎಂದರೆ ಕಣ್ಣಮುಂದೆ ಬರುವುದು ವೇದಿಕೆ. ಗಿಟಾರು, ಮೈಕು, ಬಣ್ಣದ ಬೆಳಕು, ಯೂಟ್ಯೂಬಿನಲ್ಲಿ ಕಾಣುವ ಆರಾಧನೆ. ಹಾಡುವ ಮಕ್ಕಳು ಹಾಡಲಿ, ನನಗೆ ಸಂತೋಷವೇ. ಆದರೆ ಹತ್ತು ಮಕ್ಕಳು ವೇದಿಕೆಯಲ್ಲಿದ್ದರೆ ನಲವತ್ತು ಮಕ್ಕಳು ಕೆಳಗೆ ಕೂತಿರುತ್ತಾರೆ, ಅವರಿಗೆ ತಾವು ಪ್ರೇಕ್ಷಕರು ಎಂದೇ ಅನ್ನಿಸುತ್ತದೆ. ಸಮುವೇಲನ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಶಿಲೋವಿನ ದೇವಾಲಯದಲ್ಲಿ ದೀಪ ಇನ್ನೂ ಆರದ ಹೊತ್ತಿನಲ್ಲಿ ಬಾಲಕ ಸಮುವೇಲನಿಗೆ ದೇವರ ಕರೆ ಕೇಳಿಸುತ್ತದೆ. ಯಾಜಕ ಏಲಿ ಕರೆದನೆಂದುಕೊಂಡು ಮೂರು ಸಲ ಓಡಿಹೋಗುತ್ತಾನೆ. ಮುದುಕ ಏಲಿ ಗದರಿಸಲಿಲ್ಲ, ನೀನು ಸಣ್ಣವನು ಎಂದು ಸುಮ್ಮನಾಗಿಸಲಿಲ್ಲ. ಮುಂದಿನ ಸಲ ಕರೆ ಬಂದರೆ ಹೇಗೆ ಉತ್ತರಿಸಬೇಕು ಎಂದು ಹೇಳಿಕೊಟ್ಟ. ಅಷ್ಟು ದೊಡ್ಡ ರಾತ್ರಿ ಕಳೆದ ಮೇಲೆ ಸಮುವೇಲ ಬೆಳಗ್ಗೆ ಎದ್ದು ಮಾಡಿದ ಕೆಲಸ ಏನು? ದೇವಾಲಯದ ಬಾಗಿಲು ತೆರೆದ. ದಿನವೂ ಅವನು ಮಾಡುತ್ತಿದ್ದ ಕೆಲಸವೇ ಇರಬೇಕು. ಆ ಒಂದು ವಾಕ್ಯವನ್ನು ಪ್ರಸಂಗಗಳಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ನನಗೆ ಮಾತ್ರ ಅದು ಬಹಳ ಪ್ರಿಯ.

ಹಾಗೆ ನಮ್ಮ ಮಕ್ಕಳಿಗೆ ಬಾಗಿಲಿದೆ, ಗಂಟೆಯಿದೆ, ಓದಬೇಕಾದ ಪಾಠವಿದೆ. ಸುಗ್ಗಿ ಹಬ್ಬದ ದಿನ ಮನೆಮನೆಯಿಂದ ಬಂದ ಬಾಳೆಗೊನೆ, ಸೌತೆ, ಕುಂಬಳ, ಕೋಳಿ ಎಲ್ಲ ಏಲಂ ಆಗುತ್ತದೆ. ಆ ಲೆಕ್ಕ ಬರೆಯುವ ಕೆಲಸ ಈಗ ಮೂರು ವರ್ಷದಿಂದ ಕಾಮರ್ಸ್ ಓದುವ ಇಬ್ಬರು ಹುಡುಗಿಯರದು. ಮೊದಲ ವರ್ಷ 340 ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ. ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದರು. ಒಂದು ಹಲಸಿನಹಣ್ಣು ಎರಡು ಸಲ ಏಲಂ ಆಗಿತ್ತು, ಕೊಂಡವರು ಅದನ್ನೇ ಮರಳಿ ಚರ್ಚಿಗೆ ಕೊಟ್ಟಿದ್ದರು. ಎರಡನೆಯ ಬಾರಿಯದು ಚೀಟಿಗೆ ಏರಿರಲಿಲ್ಲ. ಖಜಾಂಚಿಯವರು ಪಕ್ಕದಲ್ಲೇ ಕೂತಿದ್ದರೂ ಪೆನ್ನು ಕಿತ್ತುಕೊಳ್ಳಲಿಲ್ಲ. ಅವರ ಮೇಲೆ ನನಗೆ ಅಂದಿನಿಂದ ದೊಡ್ಡ ಗೌರವ.

ತಂದೆತಾಯಂದಿರು ನನ್ನ ಹತ್ತಿರ ಹೇಳುವ ಮಾತು ಒಂದೇ: ಮೊದಲು ಓದಿ ಕೆಲಸ ಹಿಡಿಯಲಿ ಟೀಚರ್, ದೇವರ ಸೇವೆ ಆಮೇಲೂ ಮಾಡಬಹುದು. ನಾನೂ ಟೀಚರೇ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮನೆಗಳಲ್ಲಿ ಏನಾಗುತ್ತದೆ ಎಂದು ಬಲ್ಲೆ. ಫೆಬ್ರವರಿ, ಮಾರ್ಚಿನಲ್ಲಿ ಪರೀಕ್ಷೆಗೆ ಕೂರುವ ಮಕ್ಕಳಿಗೆ ನಾನು ಯಾವ ಕೆಲಸವನ್ನೂ ಹೇಳುವುದಿಲ್ಲ. ಓದು ದೇವರು ಕೊಟ್ಟ ಕೆಲಸವೇ, ಅದನ್ನು ಬಿಟ್ಟು ಚರ್ಚಿನಲ್ಲಿ ಓಡಾಡುವುದು ಭಕ್ತಿಯಲ್ಲ ಎಂದು ಮಕ್ಕಳಿಗೂ ಹೇಳಿದ್ದೇನೆ. ಆದರೆ 'ಆಮೇಲೆ' ಎಂಬ ಊರಿಗೆ ಬಸ್ಸಿಲ್ಲ. ಪಿಯುಸಿ ಆದ ಮೇಲೆ ನೀಟ್, ಸಿಇಟಿ. ಅದಾದ ಮೇಲೆ ಬೆಂಗಳೂರು, ದುಬೈ. ವಾರಕ್ಕೆ ಒಂದು ಗಂಟೆ ಇನ್ನೊಬ್ಬರಿಗಾಗಿ ಕೊಡುವ ಅಭ್ಯಾಸ 15ರಲ್ಲಿ ಆಗದಿದ್ದರೆ 35ರಲ್ಲಿ ಆಗುವುದು ಬಹಳ ಕಷ್ಟ. ಜೀವಮಾನವಿಡೀ ಮಕ್ಕಳ ನಡುವೆ ಇದ್ದವಳು ನಾನು, ಕಂಡದ್ದನ್ನು ಹೇಳುತ್ತಿದ್ದೇನೆ.

ಇನ್ನೊಂದನ್ನು ತಂದೆತಾಯಂದಿರು ಕೇಳದಿದ್ದರೂ ನಾನೇ ಹೇಳುತ್ತೇನೆ. ನಮ್ಮಲ್ಲಿ ಯಾವ ಮಗುವೂ ಯಾರ ಮನೆಗೂ ಒಂಟಿಯಾಗಿ ಸೇವೆಗೆ ಹೋಗುವುದಿಲ್ಲ. ಮನೆಯವರ ಒಪ್ಪಿಗೆ ಬೇಕು, ಅಲ್ಲೊಬ್ಬರು ದೊಡ್ಡವರು ಇರಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು. ಅಜ್ಜಿಯ ಜಗಲಿಗೆ ಹೋಗುವಾಗಲೂ ಅಷ್ಟೆ, ಅಜ್ಜಿಯ ಸೊಸೆ ಒಳಗಿರುತ್ತಾರೆ. ದೇವರ ಹೆಸರಿನಲ್ಲಿ ಮಕ್ಕಳನ್ನು ಕರೆಯುವವರಿಗೆ ಈ ಎಚ್ಚರ ಎಲ್ಲರಿಗಿಂತ ಹೆಚ್ಚು ಇರಬೇಕು.

ವಯಸ್ಸು ಸಾಲದು ಎನ್ನುವವರಿಗೆ ನಾನು ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟೆಲರನ್ನು ನೆನಪಿಸುತ್ತೇನೆ. ಆ ಗಡ್ಡದ ಮುದುಕರ ಚಿತ್ರವೇ ನಮ್ಮ ಕಣ್ಣಲ್ಲಿ ನಿಂತುಬಿಟ್ಟಿದೆ. 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದಾಗ 21ರ ಹುಡುಗ, ನಮ್ಮ ಡಿಗ್ರಿ ಮುಗಿಸಿದ ಮಕ್ಕಳ ಪ್ರಾಯ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ, ಆಗ ಅವರಿಗೆ 62. ಸುಮಾರು 70 ಸಾವಿರ ಪದಗಳ ಆ ಪುಸ್ತಕ ಒಂದು ಯೌವನವನ್ನೇ ಉಂಡು ಬೆಳೆದದ್ದು. ಅವರಿಗೂ ಒಬ್ಬರು ಕೂತು 'ಳ' ತಿದ್ದಿರಬೇಕು ಎಂದು ಆ ಹುಡುಗಿಗೆ ಹೇಳಿದ್ದೆ, ಅವಳಿಗೆ ಬಹಳ ಸಮಾಧಾನವಾಯಿತು.

ಸಾಧು ಸುಂದರ್ ಸಿಂಗ್ ಇನ್ನೂ ಚಿಕ್ಕವರು. ಪಂಜಾಬಿನ ಸಿಖ್ ಕುಟುಂಬದ ಹುಡುಗ, 1889ರ ಸೆಪ್ಟೆಂಬರ್ 3ರಂದು ಹುಟ್ಟಿದವರು. 14ರಲ್ಲಿ ತಾಯಿ ತೀರಿಕೊಂಡರು. ದುಃಖ, ಸಿಟ್ಟಿನಲ್ಲಿ ಬೈಬಲ್ಲನ್ನು ಸುಟ್ಟ ಹುಡುಗ ಅದೇ ಯೇಸುವನ್ನು ಹಿಂಬಾಲಿಸಲು ಹೊರಟು, ತನ್ನ 16ನೇ ಹುಟ್ಟುಹಬ್ಬದ ದಿನ ಶಿಮ್ಲಾದಲ್ಲಿ ದೀಕ್ಷಾಸ್ನಾನ ಪಡೆದರು. ತಿಂಗಳೊಂದರಲ್ಲಿ ಕಾವಿ ತೊಟ್ಟು ಬರಿಗಾಲಿನಲ್ಲಿ ನಡೆಯತೊಡಗಿದರು. ಈ ಕಥೆ ಹೇಳುವಾಗ ನಾನು ಮಕ್ಕಳ ಮುಖ ನೋಡಿಕೊಂಡು ಎಚ್ಚರದಿಂದ ಹೇಳುತ್ತೇನೆ. ಮನೆಬಿಟ್ಟು ಹೊರಡಿ ಎಂದು ಇದರ ಅರ್ಥವಲ್ಲ, 16 ವರ್ಷದ ಮನಸ್ಸಿನಲ್ಲಿ ಎಷ್ಟು ಆಳ ಇರಬಹುದು ಎಂದು ನಾವು ದೊಡ್ಡವರು ತಿಳಿಯಲಿಕ್ಕೆ ಎನ್ನುತ್ತೇನೆ.

ನಮ್ಮ ಪಕ್ಕದ ಮನೆಯ ಕಥೋಲಿಕ ಬಾಯಿಯವರ ಮೊಮ್ಮಗನ ಪುಸ್ತಕದೊಳಗೆ ಕಾರ್ಲೊ ಅಕುಟಿಸ್‌ನ ಚಿತ್ರವಿದೆ. ಇಟಲಿಯಲ್ಲಿ ಬೆಳೆದ, ಕಂಪ್ಯೂಟರ್ ಪ್ರೀತಿಸುತ್ತಿದ್ದ ಹುಡುಗ. ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವನು, ಬೀದಿಯಲ್ಲಿ ಮಲಗುವವರಿಗೆ ನೆರವಾಗುತ್ತಿದ್ದವನು. 2006ರಲ್ಲಿ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಅವನನ್ನು ಸಂತನೆಂದು ಘೋಷಿಸಿದರು. ನಮ್ಮ ಸಭೆಯಲ್ಲಿ ಸಂತರೆಂದು ಘೋಷಿಸುವ ಪದ್ಧತಿ ಇಲ್ಲ. ಆದರೂ ಜೀನ್ಸ್ ಹಾಕಿದ ಆ ಹುಡುಗನ ಚಿತ್ರ ನೋಡಿ ನನ್ನ ಸಂಡೇ ಸ್ಕೂಲಿನ ಮಕ್ಕಳು, "ಇವನು ನಮ್ಮ ಹಾಗೇ ಇದ್ದಾನಲ್ಲ" ಎಂದಾಗ ನನಗೆ ತುಂಬಾ ಸಂತೋಷವಾಯಿತು.

ಸೇವೆ ಚರ್ಚಿನ ಕಾಂಪೌಂಡಿನೊಳಗೇ ಮುಗಿಯಬಾರದು. ಸತ್ಯವೇದದಲ್ಲಿ ನನಗೆ ಮೆಚ್ಚಿನ ಹದಿಹರೆಯದವಳಿಗೆ ಹೆಸರೇ ಇಲ್ಲ. ಅರಾಮ್ಯರು ಇಸ್ರಾಯೇಲಿನಿಂದ ಸೆರೆಹಿಡಿದು ಒಯ್ದ ಹುಡುಗಿ, ಸೇನಾಪತಿ ನಾಮಾನನ ಮನೆಯಲ್ಲಿ ಅವನ ಹೆಂಡತಿಯ ದಾಸಿ. ನಾಮಾನನಿಗೆ ಕುಷ್ಠ. ತನ್ನನ್ನು ಮನೆಮಠದಿಂದ ಕಿತ್ತು ತಂದವರ ಮನೆಯಲ್ಲಿ ನಿಂತು ಆ ಹುಡುಗಿ, ನಮ್ಮ ನಾಡಿನ ಪ್ರವಾದಿಯ ಬಳಿ ಹೋದರೆ ದಣಿಗಳು ವಾಸಿಯಾಗುತ್ತಿದ್ದರು ಎಂದು ಅಮ್ಮನವರಿಗೆ ಹೇಳಿದಳು. ಕಥೆಯಲ್ಲಿ ಅವಳಾಡುವುದು ಆ ಒಂದೇ ಮಾತು. ಅವನ ನೋವು ಕಂಡು ಅವಳಿಗೆ ಮರುಕ ಬಂತು, ಅವನು ಯಾವ ಜನ, ಯಾವ ದೇವರು ಎಂದು ನೋಡಲಿಲ್ಲ.

ನಮ್ಮ ಯುವಕ ಸಂಘದ ಮಕ್ಕಳು ತಿಂಗಳ ಎರಡನೇ ಶನಿವಾರ ಸರ್ಕಾರಿ ಆಸ್ಪತ್ರೆಗೆ ಗಂಜಿ ಒಯ್ಯುತ್ತಾರೆ. ಬೆಳಗ್ಗೆ ಆರಕ್ಕೆ ಕುಚ್ಚಲಕ್ಕಿ ಬೇಯಲು ಇಡಬೇಕು, ಚಟ್ನಿ ಕಡೆಯಬೇಕು, ಏಳೂವರೆಗೆ ರಿಕ್ಷಾ ಹೊರಡಬೇಕು. ಅಲ್ಲಿ ಪಾತ್ರೆ ಹಿಡಿದು ನಿಲ್ಲುವವರು ಎಲ್ಲ ಜಾತಿ, ಎಲ್ಲ ಧರ್ಮದ ರೋಗಿಗಳ ಕಡೆಯವರು. ಮಕ್ಕಳಿಗೆ ನಾನು ಹೇಳಿರುವುದು ಎರಡೇ: ಬಡಿಸುವಾಗ ಯಾರಿಗೂ ಉಪದೇಶ ಮಾಡಬಾರದು, ಫೋಟೊ ತೆಗೆಯಬಾರದು. ಗಂಜಿ ಬಿಸಿಯಿದ್ದರೆ ಸಾಕು. ಒಮ್ಮೆ ಒಬ್ಬ ಬ್ಯಾರಿ ಮುದುಕರು ನಮ್ಮ ಹುಡುಗನೊಬ್ಬನ ತಲೆ ಸವರಿ ಬ್ಯಾರಿ ಭಾಷೆಯಲ್ಲಿ ಏನೋ ಹರಸಿದರು. ಅವನಿಗೆ ಅರ್ಥವಾಗಲಿಲ್ಲ. ಮನೆಗೆ ಬರುವವರೆಗೂ ತಲೆ ಮುಟ್ಟಿಕೊಳ್ಳುತ್ತಿದ್ದ.

ಜಗಲಿಯ ಹುಡುಗಿ ಈಗ ದ್ವಿತೀಯ ಪಿಯುಸಿ. ಮಾರ್ಕ, ಲೂಕ, ಕೀರ್ತನೆಗಳು, ರೂತಳ ಕಥೆ, ಎಲ್ಲ ಮುಗಿಸಿ ಈಗ ಯೆಶಾಯನಲ್ಲಿದ್ದಾಳೆ. ಅವಳ ಕನ್ನಡ ನನ್ನ ಕೆಲವು ಹಳೆಯ ಸಹೋದ್ಯೋಗಿಗಳ ಕನ್ನಡಕ್ಕಿಂತ ಚೆನ್ನಾಗಿದೆ. ಅಜ್ಜಿಯ ಕಣ್ಣಿಗೆ ಈಗ ಬೆಳಕಿನ ದಿಕ್ಕೂ ತಿಳಿಯುವುದಿಲ್ಲ, ಹೆಜ್ಜೆ ಸದ್ದಿನಲ್ಲೇ ಅವಳನ್ನು ಗುರುತಿಸುತ್ತಾರೆ. ಕಳೆದ ಶನಿವಾರ ಅಲ್ಲಿಗೆ ಹೋದಾಗ ಜಗಲಿಯಲ್ಲಿ ಮೂರು ಕುರ್ಚಿ ಕಂಡವು. ಮೂರನೆಯದರ ತುದಿಯಲ್ಲಿ ಏಳನೇ ಕ್ಲಾಸಿನ ಹುಡುಗ, ಕಾಲು ನೆಲಕ್ಕೆ ಸರಿಯಾಗಿ ಎಟುಕದೆ ಕೂತಿದ್ದ. ಪರೀಕ್ಷೆ ಹತ್ತಿರ ಬರುತ್ತಿದೆ, ನನ್ನ ಬದಲಿಗೆ ಇವನು ಬರಲಿ ಎಂದು ಹುಡುಗಿಯೇ ಕರೆತಂದಿದ್ದಳು. ನನ್ನನ್ನು ಕೇಳಿರಲಿಲ್ಲ.

ಅವನು ಪುಸ್ತಕ ತೆರೆದು, ಗಂಟಲು ಸರಿಮಾಡಿಕೊಂಡು, ಮೊದಲ ಸಾಲು ಓದಿದ. ಎರಡನೆಯ ಸಾಲಿಗೆ ನಿಂತ. ಹುಡುಗಿ ಬಾಯಿ ತೆರೆಯಲಿಲ್ಲ, ಬೆರಳನ್ನು ಮಾತ್ರ ಪದದ ಕೆಳಗೆ ಇಟ್ಟಳು.

"ನಿಧಾನ ಓದು ಮಗಾ" ಎಂದರು ಅಜ್ಜಿ. "ನಿನ್ನ ಬಾಯಲ್ಲಿ 'ಳ' ಉಂಟಾ ನೋಡುವ."